ಸುರಕ್ಷತಾ ತಪಾಸಣೆ: ಮಾಲೀಕರು ತಿಳಿದಿರಬೇಕಾದದ್ದು, ಮಾಡಬೇಕಾದದ್ದು



ನಮ್ಮ ಸಮಾಜದಲ್ಲಿ ವ್ಯಾಪಾರ ಮತ್ತು ಸಣ್ಣ ಉದ್ದಿಮೆಗಳನ್ನು ನಂಬಿ ಬದುಕುವ ಕುಟುಂಬಗಳು ಬಹಳ. ಒಬ್ಬರದು ಅಕ್ಕಿ ಗಿರಣಿ, ಇನ್ನೊಬ್ಬರದು ಗೋಡಂಬಿ ಕಾರ್ಖಾನೆ, ಮತ್ತೊಬ್ಬರದು ಅಡಿಕೆ ಗೋದಾಮು ಅಥವಾ ಹಾರ್ಡ್‌ವೇರ್ ಅಂಗಡಿ. ಎಲ್ಲ ಕಡೆಯೂ ಹತ್ತಿಪ್ಪತ್ತು ಜನ ನಮ್ಮನ್ನು ನಂಬಿ ಕೆಲಸ ಮಾಡುತ್ತಾರೆ. ಇಲಾಖೆಯವರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಸಿಕ್ಕಿದ ಕೂಡಲೇ ನಮಗೆ ನಿದ್ದೆ ಬರುವುದಿಲ್ಲ. "ನಾಳೆ ಇನ್‌ಸ್ಪೆಕ್ಷನ್ ಅಂತೆ, ಏನು ಮಾಡುವುದು ಅಣ್ಣ?" ಎಂದು ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದವರು ಹಲವರಿದ್ದಾರೆ. ಒಂದು ರಾತ್ರಿಯಲ್ಲಿ ಮಾಡಬಹುದಾದದ್ದು ಹೆಚ್ಚೇನೂ ಇಲ್ಲ. ಆದರೆ ತಿಂಗಳಿಗೆ ಅರ್ಧ ದಿನ ಮೀಸಲಿಟ್ಟರೆ ಯಾವ ದಿನ ಯಾರು ಬಂದರೂ ಹೆದರಬೇಕಾಗಿಲ್ಲ. ಅದನ್ನು ನಾನು ಕಲಿತ ರೀತಿ ಹೇಳಿಕೊಳ್ಳುವಂಥದ್ದಲ್ಲ. ಆದರೂ ಹೇಳುತ್ತೇನೆ.

ನನ್ನ ರಿಜಿಸ್ಟರಿನಲ್ಲಿ ಬರೆದಿದ್ದ "ಇಲ್ಲ"

ಪಡೀಲಿನಲ್ಲಿ ನನ್ನದು ಪ್ಲೈವುಡ್ ಮತ್ತು ಮರದ ವ್ಯಾಪಾರ. ಅಂಗಡಿಯ ಹಿಂದೆ ಗೋದಾಮು, ಅದರ ಪಕ್ಕದಲ್ಲಿ ಗಿರಾಕಿಗಳ ಅಳತೆಗೆ ಕೊಯ್ದು ಕೊಡುವ ಸಣ್ಣ ಘಟಕ. ಸುಮಾರು ಹದಿನೈದು ವರ್ಷಗಳ ಹಿಂದೆ ಅಲ್ಲಿ ಹನ್ನೆರಡು ಜನ ಕೆಲಸಕ್ಕಿದ್ದರು. ವಿದ್ಯುತ್ ಬಳಸಿ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗ ಆಗಿನ ಕಾನೂನಿನ ಪ್ರಕಾರ ಕಾರ್ಖಾನೆಯೇ.

ಒಂದು ದಿನ ಬೆಳಿಗ್ಗೆ ಅಧಿಕಾರಿಯೊಬ್ಬರು ಬಂದರು. ನಾನು ಫೈಲುಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ ಇಟ್ಟೆ. ಹಾಜರಿ ಪುಸ್ತಕ, ಸಂಬಳದ ಪುಸ್ತಕ, ಎಲ್ಲವೂ ಸರಿ ಇತ್ತು. ಅಪಘಾತದ ರಿಜಿಸ್ಟರಿನಲ್ಲಿ ಆ ವರ್ಷದ ಸಾಲಿಗೆ "ಇಲ್ಲ" ಎಂದು ಬರೆದು ಸಹಿ ಹಾಕಿದ್ದೆ. ಅವರು ಅದನ್ನು ಓದುತ್ತಿರುವಾಗಲೇ ನಮ್ಮ ಒಡಿಶಾದ ಹುಡುಗ ಚಹಾ ತಂದು ಇಟ್ಟ. ಅವನ ಎಡಗೈಯ ತೋರುಬೆರಳು ತುದಿಯಲ್ಲಿ ಮೊಟಕಾಗಿತ್ತು.

"ಏನಪ್ಪಾ, ಬೆರಳಿಗೆ ಏನಾಯಿತು?" ಎಂದು ಅವರು ಕೇಳಿದರು. ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಆರು ತಿಂಗಳ ಹಿಂದೆ ಗರಗಸದ ಮೇಲಿನ ಗಾರ್ಡ್ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಬಿಚ್ಚಿ ಇಟ್ಟಿದ್ದರು. ನನಗೆ ಗೊತ್ತಿತ್ತು, ಬೇಗ ಕೆಲಸ ಮುಗಿಯುತ್ತದೆಂದು ಸುಮ್ಮನಿದ್ದೆ. ಬೆರಳು ಹೋದ ಮೇಲೆ ಆಸ್ಪತ್ರೆಯ ಖರ್ಚು ಕೊಟ್ಟೆ, ಒಂದು ತಿಂಗಳ ಸಂಬಳವನ್ನೂ ಕೊಟ್ಟೆ. ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆ. ಅಪಘಾತವನ್ನು ಇಲಾಖೆಗೂ ತಿಳಿಸಿರಲಿಲ್ಲ, ಇಎಸ್‌ಐಗೂ ವರದಿ ಕೊಟ್ಟಿರಲಿಲ್ಲ. ಕೆಲಸದಲ್ಲಿ ಅಂಗ ಊನವಾದವರಿಗೆ ಇಎಸ್‌ಐಯಿಂದ ಶಾಶ್ವತ ಪರಿಹಾರ ಸಿಗುವ ಹಕ್ಕಿದೆ. ನಾನು ಬರೆದ ಒಂದು "ಇಲ್ಲ" ಆ ಹುಡುಗನ ಹಕ್ಕಿಗೆ ಅಡ್ಡ ನಿಂತಿತ್ತು. ಆ ಅಧಿಕಾರಿ ಜೋರು ಮಾತನಾಡಲಿಲ್ಲ. ತಡವಾಗಿಯಾದರೂ ವರದಿ ಕೊಡಿ ಎಂದು ಹೇಳಿ, ಗಾರ್ಡ್ ಇಲ್ಲದ ಯಂತ್ರವನ್ನು ಅಲ್ಲಿಯೇ ನಿಲ್ಲಿಸಿ, ನೋಟೀಸು ಕೊಟ್ಟು ಹೋದರು. ದಂಡವನ್ನೂ ಕಟ್ಟಿದೆ. ಅದರ ನಂತರ ವರದಿ ಕೊಟ್ಟು, ಅಲೆದಾಡಿ, ಅವನಿಗೆ ಸಿಗಬೇಕಾದದ್ದನ್ನು ಕೊಡಿಸಿದೆ.

ಅಂದಿನಿಂದ ನನಗೆ ಅರ್ಥವಾದದ್ದು ಇಷ್ಟು. ಅಧಿಕಾರಿ ನಮ್ಮ ಫೈಲಿನಷ್ಟೇ ನಮ್ಮ ಜನರನ್ನೂ ನೋಡುತ್ತಾರೆ. ಅವರೆಡೂ ಒಂದೇ ಮಾತು ಹೇಳಬೇಕು.

ಕಾನೂನು ಎಲ್ಲಿಂದ ಬಂತು, ಈಗ ಯಾವುದಿದೆ

ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆಗಳ ಕಾಯ್ದೆ ಬಂತು. 1984ರ ಡಿಸೆಂಬರಿನಲ್ಲಿ ಭೋಪಾಲ್ ಅನಿಲ ದುರಂತ ನಡೆದ ಮೇಲೆ 1987ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಇಂಥ ಕಾನೂನಿನ ಹಲವು ಸಾಲುಗಳ ಹಿಂದೆ ಯಾರದೋ ಸಾವಿದೆ.

ಸಂಸತ್ತು 2020ರಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಅಂಗೀಕರಿಸಿತು. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 1948ರ ಕಾಯ್ದೆ ಸೇರಿ 13 ಹಳೆಯ ಕಾಯ್ದೆಗಳು ಇದರೊಳಗೆ ಸೇರಿವೆ. ಸಣ್ಣ ಮಾಲೀಕರು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇವು:

• ವಿದ್ಯುತ್ ಬಳಸುವಲ್ಲಿ 20, ಬಳಸದಲ್ಲಿ 40 ಕಾರ್ಮಿಕರಿದ್ದರೆ ಅದು ಕಾರ್ಖಾನೆ. ಹಿಂದೆ ಇದು 10 ಮತ್ತು 20 ಇತ್ತು.

• "ನಮ್ಮಲ್ಲಿ ಹದಿನೈದೇ ಜನ, ನಾವು ಪಾರಾದೆವು" ಎಂದುಕೊಳ್ಳಬೇಡಿ. 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯ ಮಾಲೀಕನಿಗೆ ಸುರಕ್ಷತೆಯ ಮೂಲ ಕರ್ತವ್ಯಗಳು ಇದ್ದೇ ಇವೆ.

• ಪ್ರತಿಯೊಬ್ಬ ನೌಕರನಿಗೆ ನೇಮಕಾತಿ ಪತ್ರ ಕೊಡಬೇಕು.

• ಅಧಿಕಾರಿಗೆ ಈಗ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ ಎಂಬ ಹೆಸರು. ಅಂದರೆ ತಪ್ಪು ಹುಡುಕುವುದರ ಜೊತೆಗೆ ಸಲಹೆ ಕೊಡುವುದೂ ಅವರ ಕೆಲಸ. ಕೇಳಿ ಪಡೆಯಿರಿ.

• ಮಾಲೀಕನ ಕರ್ತವ್ಯಲೋಪದಿಂದ ಕಾರ್ಮಿಕ ಸತ್ತರೆ 2 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಂಡದ ಅರ್ಧದಷ್ಟಾದರೂ ಸಂತ್ರಸ್ತ ಕುಟುಂಬಕ್ಕೆ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು.

ಕಾರ್ಖಾನೆಗಳಿಗೆ ಬರುವವರು ರಾಜ್ಯದ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರು. ಅಂಗಡಿ, ಕಚೇರಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, ಅದನ್ನು ನೋಡುವುದು ಕಾರ್ಮಿಕ ಇಲಾಖೆ. ನಿಮ್ಮ ಘಟಕ ಯಾವುದರಡಿ ಬರುತ್ತದೆ, ಯಾವ ನಮೂನೆ ಇಡಬೇಕು ಎಂಬುದನ್ನು ಇಲಾಖೆಯ ಕಚೇರಿಗೆ ಹೋಗಿ ಮೊದಲೇ ಕೇಳಿಕೊಳ್ಳಿ. ಕೇಳಲು ಹೋದವರನ್ನು ಯಾರೂ ಹಿಡಿದು ಹಾಕುವುದಿಲ್ಲ.

ಎರಡು ದುರಂತಗಳು

ಏನನ್ನು ನೋಡಬೇಕೆಂದು ಹೇಳುವ ಮೊದಲು ನಮ್ಮ ರಾಜ್ಯದ ಎರಡು ಘಟನೆಗಳನ್ನು ನೆನಪಿಸುತ್ತೇನೆ.

2022ರ ಏಪ್ರಿಲ್ 17, ಭಾನುವಾರ. ನಮ್ಮ ಬಜ್ಪೆ ಸಮೀಪದ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿನೊಳಗೆ ಒಬ್ಬ ಕಾರ್ಮಿಕ ಕುಸಿದುಬಿದ್ದ. ಅವನನ್ನು ಎತ್ತಲೆಂದು ಜೊತೆಗಾರರು ಇಳಿದರು. ವಿಷಾನಿಲಕ್ಕೆ ಐವರು ಬಲಿಯಾದರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು.

2023ರ ಡಿಸೆಂಬರ್ 4. ವಿಜಯಪುರದ ಒಂದು ಆಹಾರ ಸಂಸ್ಕರಣಾ ಘಟಕದಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು ರಾಶಿಯಡಿ ಸಿಲುಕಿದ ಬಿಹಾರದ 7 ಕಾರ್ಮಿಕರು ತೀರಿಕೊಂಡರು.

ಈ ಎರಡರಲ್ಲೂ ಬೆಂಕಿ ಇಲ್ಲ, ಸ್ಫೋಟ ಇಲ್ಲ. ಒಂದು ಗುಂಡಿ, ಒಂದು ಧಾನ್ಯದ ರಾಶಿ. ನಮ್ಮ ಮನೆಗಳಲ್ಲಿ, ಗೋದಾಮುಗಳಲ್ಲಿ ದಿನವೂ ಕಾಣುವ ವಸ್ತುಗಳೇ.

ಮೊದಲನೆಯದು: ತಿಂಗಳಿಗೊಮ್ಮೆ ನೀವೇ ನಡೆದು ನೋಡಿ

ತಿಂಗಳ ಮೊದಲ ಸೋಮವಾರ ಎಂದು ಒಂದು ದಿನ ಗೊತ್ತುಮಾಡಿ. ಕೈಯಲ್ಲಿ ನೋಟುಪುಸ್ತಕ ಇರಲಿ. ಹಳೆಯ ಕೆಲಸಗಾರನೊಬ್ಬನನ್ನು ಜೊತೆಗೆ ಕರೆದುಕೊಳ್ಳಿ, ನಿಮಗೆ ಕಾಣದ್ದು ಅವನಿಗೆ ಕಾಣುತ್ತದೆ.

ಯಂತ್ರಗಳು: ತಿರುಗುವ ಬೆಲ್ಟು, ಪುಲ್ಲಿ, ಹಲ್ಲಿನ ಚಕ್ರ, ಗರಗಸ, ಇವುಗಳಿಗೆ ಗಾರ್ಡ್ ಇದೆಯೇ? ಬಿಚ್ಚಿ ಮೂಲೆಯಲ್ಲಿ ಇಟ್ಟಿದ್ದರೆ ಏಕೆ ಬಿಚ್ಚಿದರೆಂದು ಕೇಳಿ. ಕೆಲಸಕ್ಕೆ ತೊಡಕಾಗುವ ಗಾರ್ಡನ್ನು ಯಾರೂ ಉಳಿಸುವುದಿಲ್ಲ. ತೊಡಕಾಗದಂತೆ ಮಾಡಿಸಿಕೊಡುವುದು ನಮ್ಮ ಕೆಲಸ. ದುರಸ್ತಿ ಮಾಡುವಾಗ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ದುರಸ್ತಿ ಮಾಡುವವನ ಜೇಬಿನಲ್ಲಿರಲಿ.

ವಿದ್ಯುತ್: ಮೈನ್ ಸ್ವಿಚ್ ಮುಂದೆ ಸಾಮಾನು ಪೇರಿಸಬೇಡಿ. ನನ್ನ ಗೋದಾಮಿನಲ್ಲಿ ಅದು ಪ್ಲೈವುಡ್ ಹಲಗೆಗಳ ಹಿಂದೆ ಇತ್ತು, ಹೊಸ ಕೆಲಸಗಾರರಿಗೆ ಅದು ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲವೂ ಒದ್ದೆ, ಕೈಯೂ ಒದ್ದೆ. ಟೇಪ್ ಸುತ್ತಿದ ವಯರು, ನೆಲದ ಮೇಲೆ ಎಳೆದ ಎಕ್ಸ್‌ಟೆನ್ಶನ್ ಬೋರ್ಡು ಮಳೆಗಾಲದಲ್ಲಿ ಪ್ರಾಣ ತೆಗೆಯುತ್ತವೆ. ಮಳೆ ಶುರುವಾಗುವ ಮೊದಲು ಅರ್ತಿಂಗ್ ಪರೀಕ್ಷೆ ಮಾಡಿಸಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ, ಒತ್ತಿದಾಗ ಕರೆಂಟು ಹೋಗಬೇಕು.

ಪೇರಿಸುವುದು: ಮೂಟೆಗಳನ್ನು ಗೋಡೆಗೆ ಒರಗಿಸಿ ನೇರವಾಗಿ ಏರಿಸಬೇಡಿ. ಸಾಲುಗಳನ್ನು ಒಂದಕ್ಕೊಂದು ಅಡ್ಡ ಹೆಣೆದು, ಮೇಲೆ ಹೋದಂತೆ ಒಳಗೆ ಸರಿಸುತ್ತ ಪೇರಿಸಿ. ಕೆಳಗಿನ ಸಾಲಿನಿಂದ ಮೂಟೆ ಎಳೆಯಲು ಬಿಡಬೇಡಿ. ರ‍್ಯಾಕ್‌ಗಳ ಮೇಲೆ ಎಷ್ಟು ಭಾರ ತಡೆಯುತ್ತದೆಂದು ಬರೆದು ಹಚ್ಚಿ. ನಡೆಯುವ ದಾರಿಯಲ್ಲಿ ಏನೂ ಇಡಬೇಡಿ.

ಏಣಿ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗಿರಬೇಕು. ಮುರಿದ ಮೆಟ್ಟಿಲಿಗೆ ಹಗ್ಗ ಕಟ್ಟಿ ಬಳಸುವ ಏಣಿಯನ್ನು ಇವತ್ತೇ ಒಡೆದು ಒಲೆಗೆ ಹಾಕಿ.

ಬೆಂಕಿ: ನಂದಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿರಬೇಕು, ತುಂಬಿಸಿದ ದಿನಾಂಕ ಕಾಣಬೇಕು. ಅದನ್ನು ಬಳಸಲು ಎಷ್ಟು ಜನರಿಗೆ ಗೊತ್ತು? ಪಿನ್ ಎಳೆಯುವುದು, ಬೆಂಕಿಯ ಬುಡಕ್ಕೆ ಗುರಿ ಇಡುವುದು, ಹಿಡಿ ಒತ್ತುವುದು, ಆ ಕಡೆ ಈ ಕಡೆ ಆಡಿಸುವುದು. ಅವಧಿ ಮುಗಿಯುವ ಸಿಲಿಂಡರನ್ನು ಸುಮ್ಮನೆ ಕೊಟ್ಟು ತುಂಬಿಸುವ ಬದಲು ಅಂಗಳದಲ್ಲಿ ಕಸಕ್ಕೆ ಬೆಂಕಿ ಹಾಕಿ ಎಲ್ಲರಿಂದ ಆರಿಸಿ, ಆಮೇಲೆ ತುಂಬಿಸಲು ಕೊಡಿ. ತುರ್ತು ಬಾಗಿಲಿಗೆ ಕೆಲಸದ ಹೊತ್ತಿನಲ್ಲಿ ಬೀಗ ಬೇಡ.

ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಅದು ಧಣಿಗಳ ಕಪಾಟಿನಲ್ಲಿದ್ದು ಕೀಲಿ ಮನೆಯಲ್ಲಿದ್ದರೆ ಪ್ರಯೋಜನವಿಲ್ಲ. ಅವಧಿ ಮೀರಿದ ಔಷಧ ತೆಗೆಯಿರಿ. ಗೋಡೆಯ ಮೇಲೆ 101, 108, 112 ದೊಡ್ಡದಾಗಿ ಬರೆಸಿ.

ಕುಡಿಯುವ ನೀರು, ಶೌಚಾಲಯ: ಹೆಂಗಸರು ಕೆಲಸ ಮಾಡುವಲ್ಲಿ ಅವರಿಗೆ ಬೇರೆ ಶೌಚಾಲಯ, ಒಳಗಿನಿಂದ ಚಿಲಕ, ನೀರು ಇರಬೇಕು. ಇದನ್ನು ಅಧಿಕಾರಿ ಖಂಡಿತ ನೋಡುತ್ತಾರೆ.

ಗುಂಡಿ, ಟ್ಯಾಂಕು, ಬಾವಿ: ಇದನ್ನು ಎರಡು ಸಲ ಓದಿ

ಮುಚ್ಚಿದ ಗುಂಡಿಯಲ್ಲಿ ಕೊಳೆಯುವ ವಸ್ತುವಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅನಿಲ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು ಎಂದರೆ ಅಪಾಯ ಹೋಯಿತು ಎಂದಲ್ಲ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸಾಮಾನ್ಯ ಗಾಳಿಯಲ್ಲಿ ಸುಮಾರು ಶೇ. 20.9 ಆಮ್ಲಜನಕ ಇರುತ್ತದೆ. ಅದು ಶೇ. 19.5ಕ್ಕಿಂತ ಕೆಳಗೆ ಹೋದರೆ ಒಳಗೆ ಇಳಿಯುವುದು ಸುರಕ್ಷಿತವಲ್ಲ. ಇದನ್ನು ಅಳೆಯಲು ಮೀಟರ್ ಬೇಕು, ಕಣ್ಣಿನಿಂದ ಅಂದಾಜು ಮಾಡಲಾಗದು.

ಆದ್ದರಿಂದ ಒಂದೇ ನಿಯಮ: ಮೀಟರ್ ಇಲ್ಲದೆ, ಗಾಳಿ ಹಾಯಿಸದೆ, ಪೂರ್ಣ ದೇಹದ ಹಾರ್ನೆಸ್‌ಗೆ ಹಗ್ಗ ಕಟ್ಟಿ ಮೇಲೆ ಹಿಡಿದುಕೊಂಡು ನಿಲ್ಲುವವರಿಲ್ಲದೆ ಯಾರೂ ಇಳಿಯಬಾರದು. ಒಳಗೆ ಒಬ್ಬ ಬಿದ್ದರೆ, ಅವನು ಸ್ವಂತ ತಮ್ಮನಾದರೂ ಉಸಿರಾಟದ ಸಾಧನವಿಲ್ಲದೆ ಹಿಂದೆ ಇಳಿಯಬಾರದು. ಹಗ್ಗದಿಂದ ಎಳೆಯಿರಿ, ಅಗ್ನಿಶಾಮಕ ದಳವನ್ನು ಕರೆಯಿರಿ. ಇದನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಬರೆದು ಟ್ಯಾಂಕಿನ ಮುಚ್ಚಳದ ಪಕ್ಕದಲ್ಲೇ ಹಚ್ಚಿ.

ಶೌಚದ ಗುಂಡಿಗೆ ಸುರಕ್ಷತಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇದು ಕಾರ್ಖಾನೆಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಮನೆ, ಕಲ್ಯಾಣ ಮಂಟಪ, ಅತಿಥಿಗೃಹಗಳಿಗೂ ಅನ್ವಯಿಸುತ್ತದೆ. ಯಂತ್ರದ ಟ್ಯಾಂಕರ್ ಕರೆಸಿ.

ಎರಡನೆಯದು: ಕಾಗದಪತ್ರ

ಒಂದೇ ಕಪಾಟಿನಲ್ಲಿ, ಒಂದೇ ಕ್ರಮದಲ್ಲಿ ಇಡಿ: ನೋಂದಣಿ ಮತ್ತು ಪರವಾನಗಿ, ನೇಮಕಾತಿ ಪತ್ರಗಳ ಪ್ರತಿ, ಹಾಜರಿ ಮತ್ತು ಸಂಬಳದ ಪುಸ್ತಕ, ಓವರ್‌ಟೈಮ್ ಲೆಕ್ಕ, ಇಎಸ್‌ಐ ಮತ್ತು ಪಿಎಫ್ ಚಲನ್, ಲಿಫ್ಟ್, ಕ್ರೇನು, ಬಾಯ್ಲರ್ ಇದ್ದರೆ ಅವುಗಳ ಪರೀಕ್ಷಾ ಪತ್ರ, ವೈದ್ಯಕೀಯ ತಪಾಸಣೆಯ ವರದಿ, ತರಬೇತಿ ಕೊಟ್ಟ ದಿನಾಂಕ ಮತ್ತು ಸಹಿ, ಅಪಘಾತದ ರಿಜಿಸ್ಟರ್. ಗುತ್ತಿಗೆದಾರ ತಂದ ಕಾರ್ಮಿಕರ ಪಟ್ಟಿಯೂ ನಿಮ್ಮ ಬಳಿ ಇರಲಿ. "ಅವರು ಮೇಸ್ತ್ರಿಯ ಜನ" ಎಂಬ ಉತ್ತರ ನಡೆಯುವುದಿಲ್ಲ.

ಪೆಟ್ಟಾಗಿ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದರೆ ಆ ಅಪಘಾತವನ್ನು ಇಲಾಖೆಗೆ ತಿಳಿಸಲೇಬೇಕು. ಸಣ್ಣ ಗಾಯ, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ಬರೆದಿಡಿ. ಹತ್ತು ವರ್ಷ "ಇಲ್ಲ" ಎಂದಿರುವ ರಿಜಿಸ್ಟರಿಗಿಂತ, ನಾಲ್ಕು ಸಣ್ಣ ಘಟನೆ ಬರೆದು ಅದಕ್ಕೆ ಏನು ಮಾಡಿದೆವೆಂದು ಸೇರಿಸಿರುವ ರಿಜಿಸ್ಟರಿಗೆ ಹೆಚ್ಚು ಬೆಲೆ.

ಮೂರನೆಯದು: ನಮ್ಮ ಜನ

ಈಗ ನಮ್ಮ ಗೋದಾಮುಗಳಲ್ಲಿ ಒಡಿಯಾ, ಬಂಗಾಳಿ, ಹಿಂದಿ ಆಡುವವರೇ ಹೆಚ್ಚು. ಕನ್ನಡದ ಬೋರ್ಡು ಅವರಿಗೆ ಓದಲು ಬಾರದು. ಅವರ ಭಾಷೆ ಬಲ್ಲವನಿಂದ ಹೇಳಿಸಿ, ಕೈಯಲ್ಲಿ ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡಿ. ಮೈನ್ ಸ್ವಿಚ್ ಎಲ್ಲಿ, ಹೊರಗೆ ಹೋಗುವ ದಾರಿ ಯಾವುದು, ಪೆಟ್ಟಾದರೆ ಯಾರಿಗೆ ಹೇಳಬೇಕು, ಈ ಮೂರು ಪ್ರಶ್ನೆಗೆ ಪ್ರತಿಯೊಬ್ಬನಿಗೂ ಉತ್ತರ ಗೊತ್ತಿರಬೇಕು. ಅಧಿಕಾರಿ ಕೇಳುವುದೂ ಇವನ್ನೇ. "ಸಾಹೇಬರು ಕೇಳಿದರೆ ಹೀಗೆ ಹೇಳು" ಎಂದು ಸುಳ್ಳು ಕಲಿಸಬೇಡಿ. ಅಪಾಯವನ್ನು ತಿಳಿಸುವುದು ಕಾರ್ಮಿಕನ ಹಕ್ಕು. ಹೇಳಿದವನನ್ನು ಗದರಿಸಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ತಪಾಸಣೆಯ ದಿನ

1. ಬಂದವರನ್ನು ಗೌರವದಿಂದ ಕೂರಿಸಿ, ಗುರುತಿನ ಚೀಟಿ ತೋರಿಸಿರೆಂದು ವಿನಯದಿಂದ ಕೇಳಿ. ಇಲಾಖೆಯ ಹೆಸರು ಹೇಳಿಕೊಂಡು ಬರುವ ನಕಲಿಗಳೂ ಇರಬಹುದು.

2. ಅಧಿಕಾರಿಯೆಂದು ಖಚಿತವಾದ ಮೇಲೆ ತಡೆಯಬೇಡಿ. ಒಳಗೆ ಬರಲು, ಪುಸ್ತಕ ನೋಡಲು, ಪ್ರತಿ ಪಡೆಯಲು, ಕಾರ್ಮಿಕರನ್ನು ಮಾತನಾಡಿಸಲು ಅವರಿಗೆ ಅಧಿಕಾರವಿದೆ. ತಡೆಯುವುದೇ ಒಂದು ಅಪರಾಧ. "ಯಜಮಾನರಿಲ್ಲ" ಎಂದು ಹೇಳಿಸಿ ಹಿಂದಿನ ಬಾಗಿಲಿನಿಂದ ಹೋಗಬೇಡಿ. ನೀವಿಲ್ಲದಾಗ ಯಾರು ಮಾತನಾಡಬೇಕೆಂದು ಮೊದಲೇ ನಿಶ್ಚಯಿಸಿ.

3. ಜೊತೆಗೇ ನಡೆಯಿರಿ. ಅವರು ಬರೆದುಕೊಂಡದ್ದನ್ನು ನೀವೂ ಬರೆದುಕೊಳ್ಳಿ, ಅವರು ತೆಗೆದ ಕೋನದಿಂದಲೇ ನೀವೂ ಫೋಟೋ ತೆಗೆದುಕೊಳ್ಳಿ.

4. ಕೇಳಿದ್ದಕ್ಕೆ ಉತ್ತರಿಸಿ. ಗೊತ್ತಿಲ್ಲದಿದ್ದರೆ "ನೋಡಿ ಹೇಳುತ್ತೇನೆ" ಎನ್ನಿ. ಕಾರ್ಮಿಕರ ಜೊತೆ ಅವರು ಮಾತನಾಡುವಾಗ ದೂರ ಸರಿಯಿರಿ.

5. ಕೂಡಲೇ ಸರಿಮಾಡಬಹುದಾದದ್ದನ್ನು ಅವರ ಎದುರೇ ಸರಿಮಾಡಿ. ದಾರಿಯಲ್ಲಿದ್ದ ಡಬ್ಬಿ ಎತ್ತಿಡಲು ನೋಟೀಸು ಬೇಕಿಲ್ಲ.

6. ಹಿಂದಿನ ದಿನಾಂಕ ಹಾಕಿ ಏನನ್ನೂ ಬರೆಯಬೇಡಿ. ಶಾಯಿಯೇ ಹೇಳಿಬಿಡುತ್ತದೆ.

7. ಕವರ್ ಕೊಡಬೇಡಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತದಿಂದ ಕೊಟ್ಟಿದ್ದರೆ 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಕವರ್ ಕೊಟ್ಟು ಕಳುಹಿಸಿದರೆ ಗಾರ್ಡ್ ಇಲ್ಲದ ಯಂತ್ರ ಮರುದಿನವೂ ಹಾಗೆಯೇ ತಿರುಗುತ್ತದೆ, ಅದರ ಮುಂದೆ ನಿಲ್ಲುವುದು ನಮ್ಮ ಹುಡುಗನೇ.

8. ಹೋಗುವ ಮುನ್ನ ಯಾವ ಯಾವ ಲೋಪ, ಎಷ್ಟು ಸಮಯ ಎಂದು ಕೇಳಿ, ಲಿಖಿತವಾಗಿ ಪಡೆಯಿರಿ.

ಆಮೇಲೆ

ನೋಟೀಸು ಬಂದರೆ ಬದಿಗಿಡಬೇಡಿ. ಪ್ರತಿ ಅಂಶಕ್ಕೂ ಯಾರು, ಯಾವಾಗ, ಏನು ಮಾಡಬೇಕೆಂದು ಪಟ್ಟಿ ಮಾಡಿ. ಪ್ರಾಣಕ್ಕೆ ಅಪಾಯವಿರುವುದನ್ನು ಮೊದಲು ಸರಿಮಾಡಿ, ಅಲ್ಲಿಯವರೆಗೆ ಆ ಯಂತ್ರ ನಿಲ್ಲಲಿ. ಸರಿಮಾಡಿದ್ದಕ್ಕೆ ಫೋಟೋ, ಬಿಲ್ಲು ಲಗತ್ತಿಸಿ ಗಡುವಿನೊಳಗೆ ಉತ್ತರ ಬರೆದು ಸ್ವೀಕೃತಿ ಪಡೆಯಿರಿ. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮುನ್ನವೇ ಕಾರಣ ಕೊಟ್ಟು ಕೇಳಿ. ಅಧಿಕಾರಿಯ ಅಭಿಪ್ರಾಯ ತಪ್ಪೆಂದು ಅನಿಸಿದರೆ ಜಗಳವಾಡದೆ ಬರವಣಿಗೆಯಲ್ಲಿ ಮೇಲಿನವರಿಗೆ ಹೇಳಿ.

ಕೊನೆಯ ಮಾತು

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲು ಇಟ್ಟಿದ್ದಾರೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು, ಅಂದರೆ ತಾಳಲಾರದಷ್ಟು ಭಾರ ಹೊರಿಸುವುದು. ಇರುವೆ ಕಂಡರೆ ಕಾಲು ಎತ್ತಿಡುವ ನಾವು, ಬಿಚ್ಚಿಟ್ಟ ಗಾರ್ಡನ್ನು ಕಂಡೂ ಕಾಣದಂತೆ ಇರಬಾರದು. ನಾನು ಇದ್ದೆ, ಆದ್ದರಿಂದ ಹೇಳುತ್ತಿದ್ದೇನೆ.

ಆ ಹುಡುಗ ಈಗ ತನ್ನ ಊರಿನಲ್ಲಿ ಸ್ವಂತ ಮರಗೆಲಸದ ಅಂಗಡಿ ಇಟ್ಟಿದ್ದಾನೆ. ವರ್ಷಕ್ಕೊಮ್ಮೆ ಫೋನ್ ಮಾಡುತ್ತಾನೆ. ಕಳೆದ ಸಲ ಮಾತನಾಡುವಾಗ ನಾನು ಕೇಳಿದ ಮೊದಲ ಪ್ರಶ್ನೆ, "ಗರಗಸಕ್ಕೆ ಗಾರ್ಡ್ ಹಾಕಿದ್ದೀಯಾ?" ಅವನು ನಕ್ಕು, "ಹಾಕಿದ್ದೇನೆ ಸೇಠ್, ಬಿಚ್ಚಲು ಬಿಡುವುದಿಲ್ಲ" ಎಂದ.

ಈ ತಿಂಗಳ ಮೊದಲ ಸೋಮವಾರ ನೀವೂ ಒಂದು ನೋಟುಪುಸ್ತಕ ಹಿಡಿದು ಹೊರಡಿ. ಜೈ ಜಿನೇಂದ್ರ.